ಏಳು ಕೆ.ಜಿ. ಹೆಚ್ಚಿದ ತಮ್ಮ

ನಮ್ಮ ಅಪ್ಪ ಕಾಫಿ ತೋಟದಲ್ಲಿ ರೈಟರ್. ಕೊಯ್ಲಿನ ದಿನಗಳಲ್ಲಿ ಸಂಜೆ ಕಣದಲ್ಲಿ ನಿಂತು, ಆಳುಗಳು ಕೊಯ್ದು ತಂದ ಹಣ್ಣಿನ ಚೀಲಗಳನ್ನು ತೂಕಕ್ಕೆ ಹಾಕಿ, ಅವರವರ ಹೆಸರಿನ ಮುಂದೆ ಕೆ.ಜಿ. ಬರೆದುಕೊಳ್ಳುವುದು ಅವರ ಕೆಲಸ. ಈ ಸಲದ ಕೊಯ್ಲು ಮುಗಿಯುತ್ತಾ ಬಂದಿದ್ದ ಒಂದು ಸಂಜೆ, ಕೊನೆಯ ಚೀಲ ಇಳಿಸಿದ ಮೇಲೆ ತಮ್ಮನನ್ನು ಕರೆದು ತಕ್ಕಡಿಯ ಮೇಲೆ ನಿಲ್ಲಿಸಿದರು. 33 ಕೆ.ಜಿ. ಹೋದ ವರ್ಷ ಇದೇ ತಕ್ಕಡಿಯಲ್ಲಿ 26 ಇದ್ದ. ಸುತ್ತ ನಿಂತಿದ್ದ ಹೆಂಗಸರು, "ರೈಟರ್ ಮಗ ಈ ಸಲ ಒಳ್ಳೆ ಫಸಲು" ಎಂದು ನಕ್ಕರು. ಅಪ್ಪನೂ ನಕ್ಕರು. ಮನೆಗೆ ಬಂದು ಕೈಕಾಲು ತೊಳೆದು ಕೂತ ಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು, "ಏಳು ಕೆ.ಜಿ. ಹೆಚ್ಚಾದ್ರೆ ಮದ್ದು ಎಷ್ಟು ಹೆಚ್ಚು ಬೇಕಾಗ್ತದೆ?"

ಮಗ ಮೈತುಂಬಿಕೊಂಡ ಎಂದು ಯಾವ ಅಪ್ಪನಾದರೂ ಚಿಂತೆ ಮಾಡುತ್ತಾರೆಯೇ? ನಮ್ಮ ಮನೆಯಲ್ಲಿ ಮಾಡುತ್ತಾರೆ. ತಮ್ಮನಿಗೆ ಇರುವುದು ಗೋಶೆ ಕಾಯಿಲೆ. ಇಂಗ್ಲಿಷ್ ಅಕ್ಷರ ನೋಡಿ ಕೆಲವರು ಗೌಚರ್ ಎಂದೂ ಓದುತ್ತಾರೆ. ಹುಟ್ಟಿನಿಂದಲೇ ಬರುವ ಅಪರೂಪದ ಕಾಯಿಲೆ. ದೇಹದಲ್ಲಿ ಇರಬೇಕಾದ ಒಂದು ಕಿಣ್ವ ಅವನಲ್ಲಿ ಸಾಕಷ್ಟಿಲ್ಲ. ಅದನ್ನು ಹೊರಗಿನಿಂದ, ಎರಡು ವಾರಕ್ಕೊಮ್ಮೆ, ಡ್ರಿಪ್ ಮೂಲಕ ರಕ್ತಕ್ಕೆ ಕೊಡಬೇಕು. ಎಷ್ಟು ಕೊಡಬೇಕು ಎನ್ನುವುದು ಮೈತೂಕದ ಮೇಲೆ ನಿಂತಿದೆ. ಇದರ ಖರ್ಚನ್ನು ಭರಿಸುತ್ತಿರುವುದು ಸರ್ಕಾರ. ಆ ಹಣಕ್ಕೆ ಒಂದು ಮಿತಿ ಇದೆ. ಅವನು ಬೆಳೆದಷ್ಟೂ ಆ ಹಣ ಬೇಗ ಕರಗುತ್ತದೆ.

ಇವತ್ತಿನವರೆಗೆ ಅವನಿಗೆ 23 ಸಲ ಮದ್ದು ಹೋಗಿದೆ. ಫೆಬ್ರುವರಿಯ ಕೊನೆಯ ದಿನವನ್ನು ಜಗತ್ತಿನಾದ್ಯಂತ ಅಪರೂಪದ ಕಾಯಿಲೆಗಳ ದಿನವೆಂದು ಆಚರಿಸುತ್ತಾರೆ. ಆ ನೆಪದಲ್ಲಿ ಈ ಒಂದು ವರ್ಷದ ಕತೆಯನ್ನು ಬರೆಯಬೇಕೆನ್ನಿಸಿತು.

ಹೊಟ್ಟೆ ಹುಳು ಅಂದುಕೊಂಡಿದ್ದೆವು

ನಮ್ಮ ಊರು ಮಾದಾಪುರದ ಹತ್ತಿರ. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ನಾಲ್ಕು ವರ್ಷದವನಿದ್ದಾಗಲೇ ಅವನ ಹೊಟ್ಟೆ ಮುಂದೆ ಬಂದಿತ್ತು, ಕೈಕಾಲು ಕಡ್ಡಿಯಂತಿದ್ದವು. ಹೊಟ್ಟೆ ಹುಳು ಎಂದು ಔಷಧಿ ಕುಡಿಸಿದೆವು. ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು, ಬಾಟಲಿಗಟ್ಟಲೆ ಖಾಲಿಯಾಯಿತು. ಸುಮ್ಮನೆ ಕೂತಿದ್ದಾಗಲೂ ಮೂಗಿನಿಂದ ರಕ್ತ ಬರುತ್ತಿತ್ತು. ಸಣ್ಣ ಪೆಟ್ಟು ಬಿದ್ದರೂ ಮೈಮೇಲೆ ನೀಲಿ ಕಲೆ. ರಾತ್ರಿ ಕಾಲಿನ ಮೂಳೆ ಸಿಡಿಯುತ್ತದೆ ಎಂದು ಅಳುತ್ತಿದ್ದ. ಬೆಳೆಯುವ ಮಕ್ಕಳಿಗೆ ಹಾಗಾಗುತ್ತದೆ ಎಂದು ಅಮ್ಮ ಎಣ್ಣೆ ಹಚ್ಚಿ ಮಲಗಿಸುತ್ತಿದ್ದಳು. ಶಾಲೆಯಲ್ಲಿ ಅವನ ಹೆಸರು ಗಣಪ ಎಂದಾಯಿತು. ಹಬ್ಬದ ದಿನ ಮಕ್ಕಳೆಲ್ಲ ಅವನ ಹೊಟ್ಟೆ ಮುಟ್ಟಿ ನಮಸ್ಕಾರ ಮಾಡಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಮನೆಗೆ ಬಂದು ಅಂಗಿ ಬದಲಿಸುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದ.

ಎಂಟು ವರ್ಷ ಹೀಗೇ ಕಳೆಯಿತು. ಒಬ್ಬರು ಗುಲ್ಮ ಬಹಳ ದೊಡ್ಡದಾಗಿದೆ, ಆಪರೇಷನ್ ಮಾಡಿ ತೆಗೆಸಿಬಿಡಿ ಎಂದರು. ಇನ್ನೊಬ್ಬರು ರಕ್ತದ ಕ್ಯಾನ್ಸರ್ ಇರಬಹುದು, ಮೂಳೆಮಜ್ಜೆ ಪರೀಕ್ಷೆ ಮಾಡಿಸಿ ಎಂದರು. 2023ರ ಮಳೆಗಾಲದಲ್ಲಿ ಆ ಪರೀಕ್ಷೆ ಆಯಿತು. ವರದಿ ಬರುವ ತನಕ ಮನೆಯಲ್ಲಿ ಯಾರೂ ಕ್ಯಾನ್ಸರ್ ಎಂಬ ಪದ ಬಾಯಿಬಿಟ್ಟು ಹೇಳಲಿಲ್ಲ. ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕೆಲವು ದೊಡ್ಡ ಜೀವಕೋಶಗಳು, ಮುದುಡಿ ಎಸೆದ ತೆಳು ಕಾಗದದಂತೆ, ಕಂಡಿದ್ದವು. ಅವನ್ನು ಗೋಶೆ ಕೋಶಗಳೆಂದು ಕರೆಯುತ್ತಾರೆ. ಆಮೇಲೆ ಬೆಂಗಳೂರಿನಲ್ಲಿ ರಕ್ತದ ಕಿಣ್ವ ಪರೀಕ್ಷೆ, ಜೀನ್ ಪರೀಕ್ಷೆ ಮಾಡಿಸಿ ಖಚಿತಪಡಿಸಿದರು.

ನಿಂತುಹೋದ ಪಲ್ಪರ್

ಡಾಕ್ಟರ್ ಅಪ್ಪನಿಗೆ ವಿವರಿಸಿದ್ದು ಹೀಗೆ. ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ಸತ್ತ ಕಣಗಳನ್ನು ಗುಲ್ಮ, ಯಕೃತ್ತು ಮತ್ತು ಮೂಳೆಮಜ್ಜೆಯಲ್ಲಿರುವ ಒಂದು ಜಾತಿಯ ಜೀವಕೋಶಗಳು ನುಂಗಿ ಅರಗಿಸುತ್ತವೆ. ಅರಗಿಸುವ ಕೆಲಸ ನಡೆಯುವುದು ಕೋಶದೊಳಗಿನ ಲೈಸೊಸೋಮ್ ಎಂಬ ಪುಟ್ಟ ಚೀಲದಲ್ಲಿ. ಅಲ್ಲಿ ಹತ್ತಾರು ಬಗೆಯ ಕಿಣ್ವಗಳಿವೆ, ಒಂದೊಂದಕ್ಕೂ ಒಂದೊಂದು ಕೆಲಸ. ತಮ್ಮನಲ್ಲಿ ಕೊರತೆ ಇರುವುದು ಗ್ಲುಕೋಸೆರೆಬ್ರೊಸಿಡೇಸ್ ಎಂಬ ಕಿಣ್ವದ್ದು. ಅದು ಒಡೆಯಬೇಕಾದ ಕೊಬ್ಬಿನ ಪದಾರ್ಥ ಒಡೆಯದೆ ಅಲ್ಲೇ ಉಳಿದು, ವರ್ಷದಿಂದ ವರ್ಷಕ್ಕೆ ಜಮೆಯಾಗಿ, ಗುಲ್ಮ ಊದಿಕೊಳ್ಳುತ್ತದೆ. ಮೂಳೆಮಜ್ಜೆ ತುಂಬಿ ಹೊಸ ರಕ್ತ ಹುಟ್ಟುವುದು ಕಡಿಮೆಯಾಗುತ್ತದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಣ್ಣು ಬರ್ತಾನೇ ಉಂಟು, ಪಲ್ಪರ್ ಮಾತ್ರ ನಿಂತಿದೆ. ಹಾಗೆ ತಾನೇ ಡಾಕ್ಟ್ರೇ?" ಕೊಯ್ದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಪಲ್ಪರ್ ಎನ್ನುತ್ತಾರೆ. ಅದು ಕೆಟ್ಟರೆ ಹಣ್ಣು ರಾಶಿ ಬಿದ್ದು ಕಣ ತುಂಬಿ ಕೊಳೆಯುತ್ತದೆ. ಡಾಕ್ಟರ್, "ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ" ಎಂದರು.

ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಒಬ್ಬ ವಿದ್ಯಾರ್ಥಿ ಎಂಬುದು ನನಗೆ ಇಷ್ಟವಾದ ಸಂಗತಿ. ಫ್ರಾನ್ಸ್‌ನ ಫಿಲಿಪ್ ಗೋಶೆ 1882ರಲ್ಲಿ ತನ್ನ ವೈದ್ಯಕೀಯ ಪ್ರಬಂಧದಲ್ಲಿ ಗುಲ್ಮ ಊದಿದ 32 ವರ್ಷದ ಹೆಂಗಸೊಬ್ಬಳ ಬಗ್ಗೆ ಬರೆದ. ಅದನ್ನು ಅವನು ಗುಲ್ಮದ ಗೆಡ್ಡೆ ಎಂದೇ ತಿಳಿದಿದ್ದ. ಲೈಸೊಸೋಮ್ ಎಂಬುದೊಂದು ಇದೆ ಎಂದು ಬೆಲ್ಜಿಯಂನ ಕ್ರಿಸ್ಟಿಯಾನ್ ಡಿ ಡೂವ್ ಕಂಡುಕೊಂಡದ್ದು 1955ರಲ್ಲಿ. ಅವರಿಗೆ 1974ರಲ್ಲಿ ನೊಬೆಲ್ ಬಂತು. 1960ರ ದಶಕದ ನಡುವೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಾಸ್ಕೊ ಬ್ರೇಡಿ ಮತ್ತು ಅವರ ಸಂಗಡಿಗರು ಕೊರತೆ ಇರುವ ಕಿಣ್ವ ಯಾವುದೆಂದು ಪತ್ತೆ ಮಾಡಿದರು. ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಟ್ಟರೆ ಹೇಗೆ ಎಂಬ ಯೋಚನೆಯೂ ಬ್ರೇಡಿಯವರದೇ. ಯೋಚನೆ ಔಷಧಿಯಾಗಲು ಕಾಲು ಶತಮಾನ ಹಿಡಿಯಿತು.

ಕಿಣ್ವ ಎಂದರೆ ಪ್ರೋಟೀನ್. ಮಾತ್ರೆ ಮಾಡಿ ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ರಕ್ತಕ್ಕೆ ಕೊಟ್ಟರೂ ಅದು ಸರಿಯಾದ ಕೋಶ ಹುಡುಕಿ ಒಳಗೆ ಹೋಗಬೇಕು. ಕಿಣ್ವದ ಮೈಗೆ ಅಂಟಿಕೊಂಡಿರುವ ಸಕ್ಕರೆಯ ಸರಪಣಿಯ ತುದಿಯನ್ನು ಕತ್ತರಿಸಿ, ಮ್ಯಾನೋಸ್ ಎಂಬ ಸಕ್ಕರೆ ಹೊರಗೆ ಕಾಣುವಂತೆ ಮಾಡಿದಾಗ ಈ ಸಮಸ್ಯೆ ಬಗೆಹರಿಯಿತು. ನುಂಗುವ ಕೋಶಗಳ ಹೊರಮೈ ಮ್ಯಾನೋಸನ್ನು ಗುರುತಿಸಿ ಒಳಗೆ ಎಳೆದುಕೊಳ್ಳುತ್ತದೆ. ಕಾಗದಕ್ಕೆ ಸರಿಯಾದ ವಿಳಾಸ ಬರೆದ ಹಾಗೆ. ಮೊದಲ ಔಷಧಿಗೆ ಬೇಕಾದ ಕಿಣ್ವವನ್ನು ಹೆರಿಗೆಯ ನಂತರ ಬೀಳುವ ಮಾಸಿನಿಂದ ತೆಗೆಯುತ್ತಿದ್ದರು. ಒಬ್ಬ ರೋಗಿಯ ಒಂದು ವರ್ಷದ ಮದ್ದಿಗೆ ಸಾವಿರಾರು ಮಾಸು ಬೇಕಿತ್ತು. 1991ರಲ್ಲಿ 12 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು, ಅದೇ ವರ್ಷ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1994ರಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ತಯಾರಾಗುವ ಇಮಿಗ್ಲುಸೆರೇಸ್ ಬಂತು. ಈಗ ಕ್ಯಾರೆಟ್ ಗಿಡದ ಕೋಶಗಳಲ್ಲಿ ತಯಾರಿಸಿದ ಕಿಣ್ವವೂ ಇದೆ.

ಒಂದು ಮಾತು ನೆನಪಿಡಬೇಕು. ಇದು ಕಾಯಿಲೆಯನ್ನು ಬೇರುಸಹಿತ ಕೀಳುವ ಮದ್ದಲ್ಲ. ಕೊಟ್ಟ ಕಿಣ್ವ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಕೋಶದೊಳಗೆ ಹೋದದ್ದು ಕೆಲವು ದಿನ ದುಡಿದು ಸವೆದುಹೋಗುತ್ತದೆ. ಹೊರಗಿನಿಂದ ಆಳು ಕರೆಸಿ ಕೆಲಸ ಮಾಡಿಸಿದ ಹಾಗೆ, ಮತ್ತೆ ಮತ್ತೆ ಕರೆಸಬೇಕು. ಮಿದುಳಿಗೆ ಇದು ತಲುಪುವುದಿಲ್ಲ. ಗೋಶೆಯಲ್ಲಿ ಮಿದುಳನ್ನು ಹಿಡಿಯುವ ಬಗೆಗಳೂ ಇವೆ. ತಮ್ಮನದು ಮಿದುಳನ್ನು ಬಿಟ್ಟ ಮೊದಲನೆಯ ಬಗೆ. "ಅಷ್ಟರ ಮಟ್ಟಿಗೆ ಪುಣ್ಯ" ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ.

ಸುಂಟಿಕೊಪ್ಪದ ರಾತ್ರಿ ಬಸ್ಸು

ಮೊದಲ ಡೋಸ್ ಹೋದದ್ದು 2024ರ ಮಾರ್ಚ್‌ನಲ್ಲಿ. ಆಗ ನಾನು ಬಿ.ಕಾಂ. ಮುಗಿಸಿ ಮಡಿಕೇರಿಯ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ. ಮನೆಯಲ್ಲಿ ಬಿಡುವಿದ್ದವಳು ನಾನೊಬ್ಬಳೇ. ಕೊಡಗಿನಲ್ಲಿ ರೈಲಿಲ್ಲ. ಹದಿನೈದು ದಿನಕ್ಕೊಮ್ಮೆ ಗುರುವಾರ ರಾತ್ರಿ ಸುಂಟಿಕೊಪ್ಪದಲ್ಲಿ ನಿಂತು, ಮಡಿಕೇರಿಯಿಂದ ಬರುವ ಬೆಂಗಳೂರು ಬಸ್ಸು ಹತ್ತುತ್ತಿದ್ದೆವು. ಅವನು ನನ್ನ ಭುಜಕ್ಕೆ ತಲೆಯಿಟ್ಟು ಮಲಗುತ್ತಿದ್ದ. ನಾನು ಮೊಬೈಲ್ ಬೆಳಕಿನಲ್ಲಿ ಭಾರತದ ಸಂವಿಧಾನ ಓದುತ್ತಿದ್ದೆ. ಬೆಳಗಿನ ಜಾವ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದು, ಮುಖ ತೊಳೆದು, ಸಿಟಿ ಬಸ್ಸು ಹಿಡಿದು ಆಸ್ಪತ್ರೆಗೆ.

ಅಲ್ಲಿ ಮೊದಲ ಕೆಲಸ ತೂಕ. ಆಮೇಲೆ ಫ್ರಿಜ್‌ನಿಂದ ತೆಗೆದ ಪುಟ್ಟ ಬಾಟಲಿಗಳ ಪುಡಿಗೆ ನೀರು ಬೆರೆಸಿ, ಅಲುಗಾಡಿಸದೆ ಕರಗಿಸಿ, ಸಲೈನ್‌ಗೆ ಹಾಕುತ್ತಾರೆ. ಒಮ್ಮೆ ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ಸಲಕ್ಕೆ ಇಡುವಂತಿಲ್ಲ. ಒಂದೆರಡು ಗಂಟೆಯಲ್ಲಿ ಡ್ರಿಪ್ ಮುಗಿಯುತ್ತದೆ. ಪಕ್ಕದ ಹಾಸಿಗೆಯಲ್ಲಿ ಬೇರೆ ಬೇರೆ ಜಿಲ್ಲೆಗಳ ಮಕ್ಕಳು. ಒಬ್ಬನಿಗೆ ಪಾಂಪೆ, ಇನ್ನೊಬ್ಬಳಿಗೆ ಎಂಪಿಎಸ್. ಕಾಯಿಲೆ ಬೇರೆ, ಕಿಣ್ವ ಬೇರೆ, ಚಿಕಿತ್ಸೆಯ ದಾರಿ ಒಂದೇ. ತಾಯಂದಿರು ಬುತ್ತಿ ಬಿಚ್ಚಿ ಹಂಚಿಕೊಳ್ಳುತ್ತಾರೆ. ನಮ್ಮ ಅಕ್ಕಿ ರೊಟ್ಟಿಗೆ ಅಲ್ಲಿ ಬಹಳ ಬೇಡಿಕೆ.

ಮೂರು ತಿಂಗಳಲ್ಲಿ ಮೂಗಿನ ರಕ್ತ ನಿಂತಿತು. ಆರು ತಿಂಗಳಲ್ಲಿ ಹಿಮೋಗ್ಲೋಬಿನ್ 7ರಿಂದ 10 ದಾಟಿತು. ಹೊಟ್ಟೆ ಇಳಿದು ಅವನ ಹಳೆಯ ಪ್ಯಾಂಟುಗಳೆಲ್ಲ ಸೊಂಟದಲ್ಲಿ ಸಡಿಲವಾದವು, ಉದ್ದಕ್ಕೆ ಮಾತ್ರ ಸಾಲದಾದವು. ಒಂದು ದಿನ ಶಾಲೆಯಿಂದ ಬಂದವನು, "ಅಕ್ಕಾ, ಇವತ್ತು ಕಬಡ್ಡಿಗೆ ಸೇರಿಸಿಕೊಂಡ್ರು" ಎಂದ. ಡಾಕ್ಟರ್ ಕಬಡ್ಡಿ ಬೇಡ ಎಂದಿದ್ದರು. ಅಂದು ಮಾತ್ರ ಯಾರೂ ಬೈಯಲಿಲ್ಲ.

ಜುಲೈನಲ್ಲಿ ಒಂದು ಡೋಸ್ ತಪ್ಪಿತು. ನಾಲ್ಕು ದಿನ ಎಡೆಬಿಡದೆ ಮಳೆ. ಕರೆಂಟಿಲ್ಲ, ಫೋನಿಲ್ಲ, ಸುಂಟಿಕೊಪ್ಪಕ್ಕೆ ಹೋಗುವ ದಾರಿಗೆ ಮರ ಬಿದ್ದಿತ್ತು. 2018ರ ಆಗಸ್ಟ್ ಕಂಡವರಿಗೆ ಮಳೆಯಲ್ಲಿ ಹೊರಡಿ ಎಂದು ಯಾರೂ ಹೇಳುವುದಿಲ್ಲ. ಅದೇ ವಾರ ಆಟಿಯ ಹದಿನೆಂಟನೇ ದಿನ ಬಂತು. ಅಜ್ಜಿ ವಾಡಿಕೆಯಂತೆ ಮದ್ದು ಸೊಪ್ಪಿನ ಪಾಯಸ ಮಾಡಿ, "ಇದರಲ್ಲಿ ಹದಿನೆಂಟು ಮದ್ದು ಉಂಟು, ತಿನ್ನು" ಎಂದು ತಮ್ಮನ ಮುಂದೆ ಇಟ್ಟಳು. ಅವನು ಬಟ್ಟಲು ಖಾಲಿ ಮಾಡಿ ಹೇಳಿದ, "ಅಜ್ಜಿ, ನಂಗೆ ಬೇಕಾದ್ದು ಹತ್ತೊಂಬತ್ತನೇದು."

ಕೆಲವು ದೇಶಗಳಲ್ಲಿ ಈ ಡ್ರಿಪ್ಪನ್ನು ನರ್ಸ್ ಮನೆಗೇ ಬಂದು ಹಾಕುತ್ತಾರೆ. ಮನೆಯ ಮಾತು ದೂರ. ಮದ್ದನ್ನು ತಂಪು ಪೆಟ್ಟಿಗೆಯಲ್ಲಿ ಮಡಿಕೇರಿಯ ವೈದ್ಯಕೀಯ ಕಾಲೇಜಿನವರೆಗೆ ಕಳಿಸಿ, ಅಲ್ಲಿ ಹಾಕುವ ವ್ಯವಸ್ಥೆ ಆದರೂ ನಮ್ಮಂಥವರಿಗೆ ವರ್ಷಕ್ಕೆ 26 ರಾತ್ರಿಯ ನಿದ್ದೆ ಉಳಿಯುತ್ತದೆ.

ಅಜ್ಜಿಯ ಗೆರೆ

ಕಾಯಿಲೆ ಗೊತ್ತಾದ ಹೊಸದರಲ್ಲಿ ಅಜ್ಜಿ ಅಮ್ಮನಿಗೆ ಒಂದು ಮಾತು ಹೇಳಿದ್ದಳು, "ನಮ್ಮ ಮನೆತನದಲ್ಲಿ ಇಂಥದ್ದು ಇರಲಿಲ್ಲ." ಅಮ್ಮ ತಿರುಗಿ ಏನೂ ಅನ್ನಲಿಲ್ಲ. ಊಟ ಬಡಿಸಿ ಹಿತ್ತಿಲಿಗೆ ಹೋದಳು.

ಬೆಂಗಳೂರಿನಲ್ಲಿ ವಂಶವಾಹಿ ಸಲಹೆ ಕೊಡುವವರು ಒಂದು ಬಿಳಿ ಹಾಳೆಯಲ್ಲಿ ನಮ್ಮ ವಂಶವೃಕ್ಷ ಬರೆದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಅಪ್ಪ ಮದುವೆಯಾದದ್ದು ಸೋದರಮಾವನ ಮಗಳನ್ನು. ಅಂದರೆ ಅಮ್ಮನ ಅಪ್ಪ ಮತ್ತು ಅಜ್ಜಿ ಒಡಹುಟ್ಟಿದವರು. ಗೋಶೆ ಬರಬೇಕಾದರೆ ದೋಷವಿರುವ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಬರಬೇಕು. ಒಂದು ಮಾತ್ರ ಇದ್ದವರು ವಾಹಕರು. ಅವರಿಗೆ ಈ ಕಾಯಿಲೆ ಇರುವುದಿಲ್ಲ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ. ತಮ್ಮನಲ್ಲಿ ಎರಡೂ ಕಡೆಯಿಂದ ಬಂದದ್ದು ಒಂದೇ ಬಗೆಯ ದೋಷ. ಹಾಳೆಯ ಮೇಲೆ ಅಪ್ಪನ ಗೆರೆ, ಅಮ್ಮನ ಗೆರೆ ಮೇಲಕ್ಕೆ ಹೋಗಿ ಸೇರಿದ್ದು ಅಜ್ಜಿಯ ತವರಿನಲ್ಲಿ.

ಆ ಹಾಳೆಯನ್ನು ನಾನು ಮನೆಗೆ ತಂದೆ. ಅಜ್ಜಿಗೆ ತೋರಿಸುವುದು ಬೇಡ ಎಂದು ಅಮ್ಮ ಹೇಳಿದಳು. ಅಜ್ಜಿಯೇ ಕೇಳಿದಳು. ಬೆರಳಿಟ್ಟು ಒಬ್ಬೊಬ್ಬರನ್ನೂ ತೋರಿಸಿದೆ. ತುಂಬಾ ಹೊತ್ತು ನೋಡಿ, "ನಮ್ಮಮ್ಮನಿಗೆ ನನಗಿಂತ ಮೊದಲು ಎರಡು ಮಕ್ಕಳು ಹೋಗಿದ್ದವು. ಹೊಟ್ಟೆ ದೊಡ್ಡದಾಗಿತ್ತು ಅಂತಿದ್ಲು" ಎಂದಳು. ಅದು ಇದೇ ಕಾಯಿಲೆಯೋ, ಆ ಕಾಲದ ಮಲೇರಿಯಾವೋ, ಹೇಳಲು ಈಗ ಯಾವ ಪರೀಕ್ಷೆಯೂ ಇಲ್ಲ. ಮರುದಿನ ಬೆಳಿಗ್ಗೆ ಅಮ್ಮ ಏಳುವ ಮೊದಲೇ ಅಜ್ಜಿ ಒಲೆ ಹಚ್ಚಿ ಅಮ್ಮನಿಗೆ ಕಾಫಿ ಮಾಡಿಟ್ಟಿದ್ದಳು. ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಹಾಗೆ ಆದದ್ದು ನನಗೆ ನೆನಪಿಲ್ಲ.

ಆ ಹಾಳೆಯಲ್ಲಿ ನನಗೂ ಒಂದು ವೃತ್ತ ಇತ್ತು. ಕಾಯಿಲೆ ಇರುವ ಮಗುವಿನ ಆರೋಗ್ಯವಂತ ಒಡಹುಟ್ಟಿದವರು ವಾಹಕರಾಗಿರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಮನೆಯಲ್ಲಿ ಅತ್ತೆಯ ಮಗನಿಗೆ ನನ್ನನ್ನು ಕೊಡುವ ಮಾತು ಮೊದಲಿನಿಂದ ಇತ್ತು. ಅತ್ತೆ ಎಂದರೆ ಅಜ್ಜಿಯ ಮಗಳು. ಅದೇ ಗೆರೆ ಅಲ್ಲೂ ಇಳಿದಿರಬಹುದು. ಪರೀಕ್ಷೆ ಮಾಡಿಸಿಕೊಂಡೆ. ನಾನು ವಾಹಕಿ. ಇದನ್ನು ಮುಚ್ಚಿಡು, ಮುಂದೆ ಸಂಬಂಧ ಬರುವುದಿಲ್ಲ ಎಂದವರಿದ್ದಾರೆ. ನಾನೇ ಅತ್ತೆಯ ಮನೆಗೆ ಹೋಗಿ ಹೇಳಿದೆ. ಆಮೇಲೆ ಭಾವನೂ ಪರೀಕ್ಷೆ ಮಾಡಿಸಿದ. ಅದರ ಫಲಿತಾಂಶ ಅವನದು, ಇಲ್ಲಿ ಬರೆಯುವುದಿಲ್ಲ. ಮದುವೆಯ ಮಾತು ಸದ್ಯಕ್ಕೆ ನಿಂತಿದೆ, ನಾವಿಬ್ಬರು ಮಾತಾಡುವುದು ನಿಂತಿಲ್ಲ. ಜಾತಕದ ಜೊತೆಗೆ ಒಂದು ರಕ್ತಪರೀಕ್ಷೆಯ ಕಾಗದವನ್ನೂ ನೋಡುವ ಕಾಲ ನಮ್ಮ ತಲೆಮಾರಿಗೆ ಬಂದಿದೆ. ಅದರಲ್ಲೂ ಸಂಬಂಧದಲ್ಲೇ ಮದುವೆಯಾಗುವವರು ಇದನ್ನು ಅವಮಾನ ಎಂದುಕೊಳ್ಳಬಾರದು.

50 ಲಕ್ಷ ಎಷ್ಟು ದಿನ?

ಹಣದ ವಿಷಯಕ್ಕೆ ಬರುತ್ತೇನೆ. 2014ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಗೋಶೆ ಕಾಯಿಲೆಯ ಏಳು ವರ್ಷದ ಹುಡುಗನೊಬ್ಬನಿಗೆ ಉಚಿತವಾಗಿ ಕಿಣ್ವ ಚಿಕಿತ್ಸೆ ಕೊಡಬೇಕೆಂದು ದೆಹಲಿ ಸರ್ಕಾರಕ್ಕೆ ಆದೇಶಿಸಿತು. ಹುಡುಗನ ಅಪ್ಪ ರಿಕ್ಷಾ ಎಳೆಯುವವರು. ಆಗ ಅವನ ಚಿಕಿತ್ಸೆಗೆ ತಿಂಗಳಿಗೆ ಬೇಕಾಗಿದ್ದದ್ದು ಸುಮಾರು 4.8 ಲಕ್ಷ ರೂಪಾಯಿ. ಬಡವ ಎಂಬ ಕಾರಣಕ್ಕೆ ಒಬ್ಬನನ್ನು ಸಾಯಲು ಬಿಡುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಪ್ರಕಟಿಸಿತು. ಒಮ್ಮೆ ಚಿಕಿತ್ಸೆ ಕೊಟ್ಟರೆ ಮುಗಿಯುವ ಕಾಯಿಲೆಗಳು ಒಂದನೇ ಗುಂಪು. ದೀರ್ಘಕಾಲದ, ಆದರೆ ಖರ್ಚು ಕಡಿಮೆಯಿರುವ ಚಿಕಿತ್ಸೆಯವು ಎರಡನೇ ಗುಂಪು. ಚಿಕಿತ್ಸೆ ಇದೆ, ಆದರೆ ಬಹಳ ದುಬಾರಿ, ಜೀವನಪೂರ್ತಿ ಬೇಕು ಎನ್ನುವಂಥವು ಮೂರನೇ ಗುಂಪು. ಗೋಶೆ ಇರುವುದು ಮೂರರಲ್ಲಿ. ಮೊದಲು 20 ಲಕ್ಷದವರೆಗಿನ ನೆರವು ಒಂದನೇ ಗುಂಪಿಗೆ ಮಾತ್ರ ಇತ್ತು. ಮೂರನೇ ಗುಂಪಿನವರು ದಾನಿಗಳ ಮುಖ ನೋಡಬೇಕಿತ್ತು. 2022ರ ಮೇ ತಿಂಗಳಲ್ಲಿ ಇದನ್ನು ಬದಲಿಸಿ, ಯಾವ ಗುಂಪಿನವರಿಗಾದರೂ 50 ಲಕ್ಷದವರೆಗೆ, ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಕೊಡುವುದೆಂದು ಮಾಡಿದರು. ಮೊದಲು ಗುರುತಿಸಿದ ಎಂಟು ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ವಂಶವಾಹಿ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಜೊತೆಯಾಗಿ ಒಂದು. ನಿಮ್ಮ ಬಳಗದಲ್ಲಿ ಕಾರಣ ತಿಳಿಯದ ದೊಡ್ಡ ಹೊಟ್ಟೆ, ವಾಸಿಯಾಗದ ರಕ್ತಹೀನತೆ, ಮೂಳೆ ನೋವು ಇರುವ ಮಗು ಇದ್ದರೆ, ಇಂಥದ್ದೊಂದು ಕೇಂದ್ರ ಇದೆ ಎಂದು ಅವರಿಗೆ ತಿಳಿಸಿ. ನಮಗೆ ಅದನ್ನು ತಿಳಿಯಲು ಎಂಟು ವರ್ಷ ಬೇಕಾಯಿತು.

50 ಲಕ್ಷ ನಮ್ಮಂಥವರಿಗೆ ಕನಸಿನಲ್ಲೂ ಕಾಣದ ಮೊತ್ತ. ತಿಂಗಳಿಗೆ 4.8 ಲಕ್ಷದ ಲೆಕ್ಕ ಹಿಡಿದರೆ ಅದು ಹತ್ತು ತಿಂಗಳಿಗೆ ಮುಗಿಯುತ್ತದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಸಿಗುವ 5 ಲಕ್ಷ ಇದಕ್ಕೆ ಒಂದು ತಿಂಗಳ ಮಾತು. ಕೆಲಸಕ್ಕೆ ಸೇರಿದರೆ ಕಂಪನಿಯ ವಿಮೆಯಲ್ಲಿ ತಮ್ಮನನ್ನು ಸೇರಿಸಬಹುದು ಅಂದುಕೊಂಡಿದ್ದೆ. ಸಾಮಾನ್ಯವಾಗಿ ಆ ವಿಮೆಯಲ್ಲಿ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ ಬರುತ್ತಾರೆ. ಒಡಹುಟ್ಟಿದವರು ಬರುವುದಿಲ್ಲ. ಕೆಲಸ ಹುಡುಕುತ್ತಿರುವವರು ಆಫರ್ ಲೆಟರ್‌ನಲ್ಲಿ ಸಂಬಳದ ಸಾಲು ಓದಿದ ಮೇಲೆ ವಿಮೆಯ ಸಾಲನ್ನೂ ಓದಿ.

ಸೆಪ್ಟೆಂಬರ್‌ನಲ್ಲಿ ನನಗೆ ಬೆಂಗಳೂರಿನಲ್ಲಿ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಪುಣೆಯಲ್ಲಿ ಇದಕ್ಕಿಂತ ಹೆಚ್ಚು ಸಂಬಳದ್ದು ಸಿಕ್ಕಿತ್ತು, ಹೋಗಲಿಲ್ಲ. ಸಂದರ್ಶನದ ಕೊನೆಯಲ್ಲಿ ನಿಮಗೇನಾದರೂ ಕೇಳುವುದಿದೆಯೇ ಎಂದಾಗ, "ತಿಂಗಳಿಗೆ ಎರಡು ಶುಕ್ರವಾರ ಅರ್ಧ ದಿನ ರಜೆ ಬೇಕು, ಶನಿವಾರ ಬಂದು ಕೆಲಸ ಮಾಡಿಕೊಡುತ್ತೇನೆ" ಎಂದೆ. ಕಾರಣ ಕೇಳಿದರು, ಹೇಳಿದೆ. ಒಪ್ಪಿದರು. ಈಗ ಅಮ್ಮ ತಮ್ಮನನ್ನು ಕರೆತರುತ್ತಾಳೆ. ನಾನು ಸ್ಯಾಟಲೈಟ್ ನಿಲ್ದಾಣದಲ್ಲಿ ಕಾಯುತ್ತೇನೆ.

ಪಕ್ಕದ ಲೈನ್‌ಮನೆಯ ಹುಡುಗಿ

ತೋಟದ ಲೈನ್‌ಮನೆಯಲ್ಲಿ ಯರವ ಸಮುದಾಯದ ಒಬ್ಬ ಹುಡುಗಿ ಇದ್ದಾಳೆ. ತಮ್ಮನ ವಯಸ್ಸು. ಅವಳಿಗೆ ಸಿಕಲ್ ಸೆಲ್. ಅದೂ ತಂದೆ ತಾಯಿ ಇಬ್ಬರಿಂದಲೂ ಬರುವ ರಕ್ತದ ಕಾಯಿಲೆಯೇ. ನೋವು ಬಂದಾಗ ಅವಳು ಅಳುವುದು ನಮ್ಮ ಮನೆಗೆ ಕೇಳಿಸುತ್ತದೆ. ಅವಳ ಮಾತ್ರೆಗಳು ದುಬಾರಿಯವಲ್ಲ. ತಪ್ಪದೆ ಸಿಗಬೇಕು, ತಪ್ಪದೆ ನುಂಗಬೇಕು, ಅಷ್ಟೇ. ಒಮ್ಮೆ ಅವಳ ಅಮ್ಮ ನನ್ನನ್ನು ಕೇಳಿದಳು, "ನಿಮ್ಮ ತಮ್ಮನಿಗೆ ಅಷ್ಟು ದುಡ್ಡು ಕೊಟ್ರಲ್ಲ, ನಮ್ಮ ಮಗುಗೆ ಮಡಿಕೇರಿಗೆ ಹೋಗೋಕೆ ಬಸ್ ಚಾರ್ಜ್ ಯಾರಾದ್ರೂ ಕೊಡ್ತಾರಾ ಅಕ್ಕ?" ಅವಳ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಒಬ್ಬ ಹುಡುಗನ ಮೇಲೆ ಖರ್ಚಾಗುವ ಹಣದಲ್ಲಿ ಎಷ್ಟೋ ಮಕ್ಕಳಿಗೆ ಮಾತ್ರೆ ಕೊಡಬಹುದು. ಈ ಲೆಕ್ಕ ನನಗೆ ಗೊತ್ತು, ನಾನು ಕಾಮರ್ಸ್ ಓದಿದವಳು. ನನ್ನ ತಮ್ಮ ಬದುಕಬೇಕು ಎಂಬುದೂ ನನಗೆ ಗೊತ್ತು. ಎಷ್ಟೋ ರಾತ್ರಿ ಬಸ್ಸಿನಲ್ಲಿ ಈ ಎರಡನ್ನೂ ಹಿಡಿದುಕೊಂಡು ಕೂತಿದ್ದೇನೆ. ಕೊನೆಗೆ ನನಗೆ ಹೊಳೆದದ್ದು, ಆ ಹುಡುಗಿಯ ಮಾತ್ರೆಯನ್ನು ತಮ್ಮನ ಬಾಟಲಿ ಕಿತ್ತುಕೊಳ್ಳುತ್ತಿಲ್ಲ ಎಂಬುದು. ಬಾಟಲಿಯ ಬೆಲೆ ಅಷ್ಟೇಕೆ ಎಂದು ಕೇಳುವವರು ಸಾಲದು.

ಆ ಬೆಲೆ ದೇವರು ಬರೆದದ್ದಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ನಾಲ್ಕು ಅಪರೂಪದ ಕಾಯಿಲೆಗಳ ಔಷಧಿಗಳು ನಮ್ಮ ದೇಶದಲ್ಲೇ ತಯಾರಾಗುತ್ತಿವೆ ಎಂದು ತಿಳಿಸಿತು. ಗೋಶೆಗೆ ಕೊಡುವ ಎಲಿಗ್ಲುಸ್ಟ್ಯಾಟ್ ಎಂಬ ಕ್ಯಾಪ್ಸೂಲ್ ಅವುಗಳಲ್ಲಿ ಒಂದು. ವರ್ಷಕ್ಕೆ 1.8 ಕೋಟಿಯಿಂದ 3.6 ಕೋಟಿ ರೂಪಾಯಿ ಆಗುತ್ತಿದ್ದ ಖರ್ಚು 3ರಿಂದ 6 ಲಕ್ಷಕ್ಕೆ ಇಳಿಯಿತು. ಇದು ಕಿಣ್ವವಲ್ಲ, ಬೇರೆ ದಾರಿಯ ಮದ್ದು. ಒಡೆಯಲಾಗದ ಆ ಕೊಬ್ಬು ತಯಾರಾಗುವುದನ್ನೇ ತಗ್ಗಿಸುತ್ತದೆ. ಮುಖ್ಯವಾಗಿ ವಯಸ್ಕರಿಗೆ ಕೊಡುತ್ತಾರೆ. ಅದಕ್ಕೂ ಮೊದಲು ಯಕೃತ್ತು ಆ ಮದ್ದನ್ನು ಹೇಗೆ ಅರಗಿಸುತ್ತದೆ ಎಂದು ಇನ್ನೊಂದು ಜೀನ್ ಪರೀಕ್ಷೆ ಆಗಬೇಕು. ತಮ್ಮನಿಗೆ ಈಗ 14. ಹದಿನೆಂಟಕ್ಕೆ ಇನ್ನು ನಾಲ್ಕು ವರ್ಷ. ಆ ನಾಲ್ಕು ವರ್ಷ ದಾಟುವುದೇ ನಮ್ಮ ಮನೆಯ ಯೋಜನೆ.

ಅವನ ಹೆಸರಿನಲ್ಲಿ ಉಳಿದಿರುವ ಹಣ ಇನ್ನು ಆರೇಳು ಡೋಸ್‌ಗೆ ಸಾಕು. ಅಪ್ಪನ ಪ್ರಶ್ನೆಗೆ ಉತ್ತರವಾಗಿ ಲೆಕ್ಕ ಹಾಕಿ ತೋರಿಸಿದೆ. 26 ಇದ್ದದ್ದು 33 ಆದರೆ ಮದ್ದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬೇಕು. 2024ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಅಪರೂಪದ ಕಾಯಿಲೆಗಳಿಗೆ ರಾಷ್ಟ್ರೀಯ ನಿಧಿ ಮಾಡಿ, ಎರಡು ಹಣಕಾಸು ವರ್ಷಗಳಿಗೆ 974 ಕೋಟಿ ಇಡಬೇಕೆಂದು ಹೇಳಿದೆ. ಅದರ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಒಂದು ಅರ್ಜಿ, ಔಷಧಿ ಕಂಪನಿಯ ದಾನದ ಯೋಜನೆಗೆ ಒಂದು, ಕೇಂದ್ರದ ದಾನಿಗಳ ಪೋರ್ಟಲ್‌ಗೆ ಒಂದು. ಮೂರೂ ನನ್ನ ಬ್ಯಾಗಿನಲ್ಲಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದ ಸಂವಿಧಾನದ 21ನೇ ವಿಧಿ ಅರ್ಜಿ ಬರೆಯುವಾಗ ಉಪಯೋಗಕ್ಕೆ ಬಂತು.

ಬಯೋಟೆಕ್, ಫಾರ್ಮಸಿ, ಜೆನೆಟಿಕ್ಸ್ ಓದುತ್ತಿರುವ ಗೆಳೆಯರಲ್ಲಿ ಒಂದು ಮಾತು. ಆ ಕ್ಯಾಪ್ಸೂಲ್‌ನ ಬೆಲೆಯನ್ನು ಇಳಿಸಿದವರು ನಿಮ್ಮ ಹಾಗೆಯೇ ಯಾವುದೋ ಕಾಲೇಜಿನ ಬೆಂಚಿನ ಮೇಲೆ ಕೂತಿದ್ದವರು. ಬಾಟಲಿಯ ಸರದಿ ಇನ್ನೂ ಬಾಕಿ ಇದೆ.

ಅಪ್ಪ ತೋಟದ ಹಳೆಯ ಚೆಕ್‌ರೋಲ್ ಪುಸ್ತಕವೊಂದನ್ನು ತಮ್ಮನ ಲೆಕ್ಕಕ್ಕೆ ಇಟ್ಟಿದ್ದಾರೆ. ಆಳುಗಳ ಹಾಜರಿ ಬರೆಯುವ ಪುಸ್ತಕ ಅದು. ಹೆಸರಿನ ಜಾಗದಲ್ಲಿ ತಾರೀಕು, ಆಮೇಲೆ ತೂಕ, ಹಿಮೋಗ್ಲೋಬಿನ್, ಬಾಟಲಿ ಎಷ್ಟು. 23 ಸಾಲು ತುಂಬಿವೆ. ಜುಲೈನ ಒಂದು ಸಾಲಿನ ಮುಂದೆ "ಮಳೆ" ಎಂದಷ್ಟೇ ಇದೆ. ಮೊನ್ನೆ ಊರಿಗೆ ಹೋದಾಗ ನೋಡಿದೆ. ಕೆಳಗೆ ಡಿಸೆಂಬರ್‌ವರೆಗಿನ ಎಲ್ಲ ಶುಕ್ರವಾರಗಳ ತಾರೀಕನ್ನೂ ಅಪ್ಪ ಈಗಲೇ ಬರೆದಿಟ್ಟಿದ್ದಾರೆ.